ಒದ್ದೆ ಗೋಣಿಯ ಪೆಟ್ಟಿಗೆ

ಬೀಬಿ ಜಾನ್ ಗೋಣಿಚೀಲದ ಅಂಚನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಹಿಂಡಿದರೆ ಅರ್ಧ ಚೊಂಬು ನೀರು ಬೀಳುವಷ್ಟು ಒದ್ದೆಯಾಗಿತ್ತು. ಗೋಣಿಯ ಕೆಳಗೆ ಹಲಸಿನ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮನೆಗೆ ಅತಿಥಿಯಾಗಿ ಬಂದಿದ್ದ ಹುಡುಗಿ ಬರೆದ ಚಿತ್ರದ ಹಲಗೆ. ಒಣಗಬೇಕಾದ ವಸ್ತುವಿನ ಮೇಲೆ ಯಾರಾದರೂ ಒದ್ದೆ ಗೋಣಿ ಹೊದಿಸುತ್ತಾರೆಯೇ?

ಮಾಳಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕನ ಮಗ ಅತಾವುಲ್ಲಾ ಹುಡುಗಿಯನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಶೃಂಗೇರಿಗೆ ಹೋಗಿದ್ದ. ಭಾನುವಾರದ ಚಿತ್ರಪ್ರದರ್ಶನದ ಕರಪತ್ರಗಳನ್ನು ಅಲ್ಲಿನ ಶಾಲೆಗಳಲ್ಲೂ ಹೋಟೆಲುಗಳಲ್ಲೂ ಹಂಚಿ ಸಂಜೆಗೆ ವಾಪಸು ಬರುತ್ತೇವೆ ಎಂದಿದ್ದರು. ಇವತ್ತಾಗಲೇ ಬುಧವಾರ. ಹುಡುಗಿ ಹೋಗುವ ಮುಂಚೆ ಪೆಟ್ಟಿಗೆಯ ಮುಚ್ಚಳ ತೆಗೆದು, ಹಲಗೆಯ ಮೂಲೆಗೆ ಉಗುರಿನ ಹಿಂಬದಿ ತಾಗಿಸಿ, ಇನ್ನೂ ಒಣಗಿಲ್ಲ ಎಂಬಂತೆ ತಲೆ ಅಲ್ಲಾಡಿಸಿದ್ದನ್ನು ಬೀಬಿ ಜಾನ್ ಮೆಟ್ಟಿಲ ಮೇಲಿನಿಂದ ಕಂಡಿದ್ದಳು. ಆಮೇಲೆ ಅತಾವುಲ್ಲಾ ಗೋಣಿಯ ಮೇಲೆ ಮತ್ತೆ ಎರಡು ಚೊಂಬು ನೀರು ಸುರಿದಿದ್ದ. ಡ್ರಾಯಿಂಗ್ ಮೇಷ್ಟರಾದರೂ ಮನೆಯ ಕೆಲಸದಲ್ಲಿ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಕೊಪ್ಪದ ಪೇಟೆಯಲ್ಲಿ ಆ ಮನೆಯನ್ನು ಕೊಡೆ ಸುಲೈಮಾನ್ ಸಾಹೇಬರ ಮನೆ ಎಂದೇ ಜನ ಗುರುತಿಸುತ್ತಿದ್ದರು. ಕೆಳಗೆ ಕೊಡೆ ರಿಪೇರಿ ಅಂಗಡಿ, ಅದರ ಹಿಂದೆ ವಾಸದ ಕೋಣೆಗಳು, ಮೇಲೆ ಉದ್ದಕ್ಕೆ ಒಂದೇ ಹಜಾರದ ಮಾಳಿಗೆ. ಬೀಬಿ ಜಾನಳ ಗಂಡ ಸುಲೈಮಾನ್ ಇದ್ದಾಗ ಮಳೆಗಾಲದಲ್ಲಿ ಆ ಮಾಳಿಗೆಯ ತೊಲೆಗಳಿಗೆಲ್ಲ ಕೊಡೆಗಳು ನೇತಾಡುತ್ತಿದ್ದವು. ಅವನು ತೀರಿಕೊಂಡ ಮೇಲೆ ಮೂರು ವರ್ಷ ಅಲ್ಲಿ ಇಲಿ ಬಿಟ್ಟರೆ ಯಾರೂ ಇರಲಿಲ್ಲ. ಬರೋಡಾದಲ್ಲಿ ಚಿತ್ರಕಲೆ ಓದಿ ಬಂದ ಅತಾವುಲ್ಲಾ ಒಂದು ದಿನ ಮಾಳಿಗೆ ಕೊಡುತ್ತೀರಾ ಖಾಲಾ ಎಂದು ಕೇಳಿದ. ಅವನಿಗೆ ಬೇಕಾಗಿದ್ದುದು ಅಲ್ಲಿನ ಗೋಡೆಗಳು. ಸುಣ್ಣ ಬಳಿದ. ಹಳೆಯ ಕೊಡೆಗಳ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ ಚಿತ್ರ ತೂಗುಹಾಕಿದ. ಯಾವ ಇಲಾಖೆಯ ಅಪ್ಪಣೆಯೂ ಇಲ್ಲದೆ, ಯಾವ ಸಂಘದ ಹೆಸರೂ ಇಲ್ಲದೆ, ವರ್ಷಕ್ಕೆರಡು ಬಾರಿ ಅಲ್ಲಿ ಯಾರದಾದರೂ ಚಿತ್ರಗಳು ಇರುತ್ತಿದ್ದವು. ಒಮ್ಮೆ ಹರಿಹರಪುರದ ಶಾಲೆಯ ಮಕ್ಕಳದ್ದು, ಒಮ್ಮೆ ಮೈಸೂರಿನ ಯಾರೋ ಗಡ್ಡದವರದ್ದು. ಬೀಬಿ ಜಾನ್ ಪ್ರತಿ ಸಲವೂ ಬಂದವರಿಗೆ ಚಹಾ ಮಾಡುತ್ತಿದ್ದಳು. ಚಿತ್ರಗಳ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ಈ ಸಲದವು ದೂರದ ಊರಿನವು. ಹುಡುಗಿಯ ಹೆಸರು ಲಿಯೆನ್. ವಿಯೆಟ್ನಾಮಿನ ಹನೋಯ್ ಪಟ್ಟಣದವಳು. ಸ್ಕಾಲರ್‌ಶಿಪ್ಪಿನ ಮೇಲೆ ಬರೋಡಾಕ್ಕೆ ಓದಲು ಬಂದವಳು, ಅತಾವುಲ್ಲಾನಿಗೆ ಅಲ್ಲಿನ ಗುರುಗಳ ಮೂಲಕ ಪರಿಚಯ. ಬರುವಾಗ ಅವಳ ನಾಲ್ವರು ಸ್ನೇಹಿತರು ತಾವು ಬರೆದದ್ದನ್ನು ಸುರುಳಿ ಸುತ್ತಿ ಕೊಟ್ಟು, ಎಲ್ಲಾದರೂ ನಾಲ್ಕು ಜನಕ್ಕೆ ತೋರಿಸು ಎಂದಿದ್ದರಂತೆ. ರೇಷ್ಮೆ ಬಟ್ಟೆಯ ಮೇಲೆ ಬರೆದ ಸಂತೆಯ ಹೆಂಗಸರು, ಮರದ ಅಚ್ಚಿನಲ್ಲಿ ಒತ್ತಿದ ಹಂದಿ ಮತ್ತು ಮರಿಗಳು, ಮುರಿದ ಸೇತುವೆಯ ಪಕ್ಕದ ದೋಣಿಯ ಮೇಲೆ ಸೈಕಲ್ ದಾಟಿಸುವ ಜನ. ಸ್ನೇಹಿತರದ್ದೆಲ್ಲ ಇತ್ತು, ಅವಳದ್ದೇ ಒಂದೂ ಇರಲಿಲ್ಲ. ಅವಳು ಬರೆಯುವುದು ಬಣ್ಣದಲ್ಲಲ್ಲ, ಅವರ ಕಾಡಿನ ಒಂದು ಮರದ ಸೊನೆಯಲ್ಲಿ. ಬರೋಡಾದಲ್ಲಿ ಎರಡು ವರ್ಷ ಪ್ರಯತ್ನಿಸಿದರೂ ಒಂದು ಹಲಗೆಯೂ ಸರಿಯಾಗಿ ಒಣಗಲಿಲ್ಲವಂತೆ. ತಂದಿದ್ದ ಸೊನೆಯ ಡಬ್ಬಿಗಳಲ್ಲಿ ಉಳಿದಿದ್ದುದು ಒಂದೇ. ಮುಂದಿನ ತಿಂಗಳು ಅವಳು ಊರಿಗೆ ಹೊರಡಬೇಕು. ತನ್ನದೊಂದು ಚಿತ್ರವನ್ನೂ ತೋರಿಸದೆ ಹಿಂದಿರುಗಿದರೆ ಗೆಳೆಯರು ಏನೂ ಅನ್ನುವುದಿಲ್ಲ, ಅದೇ ಕಷ್ಟ, ಎಂದು ಅವಳು ಒಮ್ಮೆ ಊಟ ಮಾಡುತ್ತಾ ಹೇಳಿದ್ದಳು. ಅವಳ ಬರೋಡಾದ ಹಿಂದಿ, ಬೀಬಿ ಜಾನಳ ಉರ್ದು ಎರಡೂ ಸೇರಿ ಇಬ್ಬರ ನಡುವಿನ ಮಾತಿಗೆ ಹೇಗೋ ಸಾಲುತ್ತಿದ್ದವು.

ಅದಕ್ಕೇ ಬೀಬಿ ಜಾನಳಿಗೆ ಸಂಕಟ. ಒಣಗಿಸುವುದರ ಬಗ್ಗೆ ಕೊಪ್ಪದಲ್ಲಿ ತನಗಿಂತ ಹೆಚ್ಚು ಬಲ್ಲವರು ಯಾರು? ಮೂವತ್ತು ಮಳೆಗಾಲ ಊರಿನವರ ಕೊಡೆಬಟ್ಟೆಗಳನ್ನು ಬೂಷ್ಟು ಹಿಡಿಯದಂತೆ ಒಣಗಿಸಿದವಳು ಅವಳು.

ಕೆಳಗೆ ಹೋಗಿ ಅಗ್ಗಿಷ್ಟಿಕೆಗೆ ಕೆಂಡ ತುಂಬಿಕೊಂಡು ಬಂದಳು. ಅದರ ಮೇಲೆ ಬಿದಿರಿನ ದೊಡ್ಡ ಬುಟ್ಟಿಯನ್ನು ಕವುಚಿದಳು, ಬಾಣಂತಿ ಮನೆಯಲ್ಲಿ ಮಗುವಿನ ಬಟ್ಟೆ ಒಣಗಿಸುವ ಹಾಗೆ. ಗೋಣಿ ಸರಿಸಿ, ಪೆಟ್ಟಿಗೆಯಿಂದ ಹಲಗೆಯನ್ನು ಅಂಚು ಹಿಡಿದು ಎತ್ತಿ ಬುಟ್ಟಿಯ ಮೇಲೆ ಮಲಗಿಸಿದಳು. ಚಿತ್ರವೆಲ್ಲ ಕಪ್ಪು ಕಂದು, ಏನೆಂದು ತಿಳಿಯುವಂತಿರಲಿಲ್ಲ. ಮಳೆ ಬಿಡುವು ಕೊಟ್ಟು ನಾಲ್ಕು ದಿನವಾಗಿತ್ತು, ಕಿಟಕಿಯಿಂದ ಹೊಸ ಬಿಸಿಲು ಬೀಳುತ್ತಿತ್ತು. ಪಕ್ಕದ ಮನೆಯ ಸುಮಿತ್ರಮ್ಮ ಹಪ್ಪಳ ಹರವುತ್ತಾ, ಅಂತೂ ಸೂರ್ಯ ಕಣ್ಣು ಬಿಟ್ಟ, ಎಂದು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು.

ಅರ್ಧ ಗಂಟೆಯಾದ ಮೇಲೆ ಮುಟ್ಟಿ ನೋಡಿದಳು. ಬೆಲ್ಲದ ಪಾಕದ ಹಾಗೆ ಅಂಟು ಮೊದಲಿಗಿಂತ ಹೆಚ್ಚಾಗಿತ್ತು. ಕೆಂಡ ಕಡಿಮೆಯಾಯಿತೇನೋ ಎಂದು ಬುಟ್ಟಿ ಎತ್ತಿ ಊದಿದಳು. ಬೂದಿ ಎದ್ದಿತು. ಎದ್ದ ಬೂದಿ ಗಾಳಿಯಲ್ಲಿ ಒಂದು ಸುತ್ತು ಹಾಕಿ ನಿಧಾನವಾಗಿ ಇಳಿದು ಹಲಗೆಯ ಮೇಲೆ ಕೂತಿತು. ಸೆರಗಿನ ತುದಿಯಿಂದ ಒರೆಸಲು ಹೋದರೆ ಕಪ್ಪು ಸೊನೆ ಸೆರಗಿಗೂ ಬೆರಳಿಗೂ ಮೆತ್ತಿಕೊಂಡು, ಹಲಗೆಯ ಮೇಲೆ ಒಂದು ಗೀರು ಉಳಿಯಿತು.

ಅವಳು ಹಲಗೆಯನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ಗೋಣಿ ಹೊದಿಸಿ, ಅಗ್ಗಿಷ್ಟಿಕೆ ಹೊತ್ತುಕೊಂಡು ಕೆಳಗಿಳಿದಳು.

ಸಂಜೆ ಇಬ್ಬರೂ ಬಿಸಿಲಿಗೆ ಕೆಂಪಾಗಿ ಬಂದರು. ಲಿಯೆನ್ ಶೃಂಗೇರಿಯಿಂದ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದಳು. ಬಸ್ಸಿನ ನೂಕುನುಗ್ಗಲಿನಲ್ಲಿ ಹಣ್ಣು ಜಜ್ಜಿಹೋಗದ ಹಾಗೆ ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದಿದ್ದಾಳೆ ಎಂದು ಅತಾವುಲ್ಲಾ ನಕ್ಕ. ಬೆಳಗಿನವರೆಗೆ ಪೆಟ್ಟಿಗೆ ತೆರೆಯುವುದು ಬೇಡ ಎಂದು ಹುಡುಗಿ ಹೇಳಿದಾಗ ಬೀಬಿ ಜಾನಳಿಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಅವಳಿಗೆ ಆ ಹಣ್ಣು ತಿನ್ನಲಾಗಲಿಲ್ಲ.

ಬೆಳಿಗ್ಗೆ ಎದ್ದಾಗ ಬಲಗೈ ತನ್ನದಲ್ಲವೇನೋ ಅನ್ನುವಷ್ಟು ಭಾರವಾಗಿತ್ತು. ಬೆರಳುಗಳ ಸಂದಿಯಲ್ಲಿ ನೀರುಗುಳ್ಳೆಗಳು ಎದ್ದಿದ್ದವು. ಕಣ್ಣಿನ ರೆಪ್ಪೆಗಳು ಊದಿ ಪೇಟೆಯ ಬೀದಿ ಅರ್ಧವಷ್ಟೇ ಕಾಣುತ್ತಿತ್ತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ವಾಸಪ್ಪ ಬಂದ. ಹುಡುಗಿಗೆ ಹಲಸಿನ ಹಲಗೆ ಹೆರೆದು ಕೊಟ್ಟ ಬಡಗಿ ಅವನೇ. ಈಗ ಚಿತ್ರಗಳಿಗೆ ಚೌಕಟ್ಟು ಹಾಕಲು ಬಂದಿದ್ದ. ಬೀಬಿ ಜಾನಳನ್ನು ಒಮ್ಮೆ ನೋಡಿದವನು ಉಳಿಯ ಚೀಲ ಕೆಳಗಿಟ್ಟ.

"ಎಂತ ಬೀಬಮ್ಮ, ಚೇರೆ ಮರದ ಸೊನೆ ತಾಗಿದ ಹಾಗಿದೆಯಲ್ಲ ಮುಖ?"

"ಎಂತದೂ ಇಲ್ಲ ಮಾರಾಯ. ಸೊಳ್ಳೆ ಕಚ್ಚಿರಬೇಕು."

"ಸೊಳ್ಳೆ ಕಚ್ಚಿದ್ರೆ ಕೈ ಹಿಂಗೆ ಊದ್ತದಾ? ನಾನು ಮೂವತ್ತು ವರ್ಷದಿಂದ ಮರ ಕೊಯ್ತಿದೀನಿ. ಚೇರೆ ಕಡಿದು ಹದಿನೈದು ದಿನ ಕಣ್ಣು ಬಿಡ್ಲಿಲ್ಲ ನಾನು." ಅವನು ಬಗ್ಗಿ ಅವಳ ಕೈ ನೋಡಿದ. "ನೀವು ಕಾಡಿಗೆ ಹೋಗಿರ್ಲಿಕ್ಕಿಲ್ಲ. ಪೇಟೆ ದಾಟಿ ಎಷ್ಟು ದಿನ ಆಯ್ತೋ ಏನೋ."

ಬೀಬಿ ಜಾನ್ ಬಲಗೈಯನ್ನು ಸೆರಗಿನೊಳಗೆ ಸರಿಸಿಕೊಂಡಳು. ವಾಸಪ್ಪ ಮಾಳಿಗೆಯ ಮೆಟ್ಟಿಲಿನ ಕಡೆ ನೋಡಿದ. ಹುಡುಗಿ ಮೊದಲ ದಿನ ಡಬ್ಬಿ ತೆರೆದಾಗ ಮೂಗಿಗೆ ಹಿಡಿದು, ಇದು ನಮ್ಮ ಚೇರೆಯ ತಂಗಿಯೇ ಇರಬೇಕು, ಎಂದು ಹೇಳಿ ಎರಡು ಹೆಜ್ಜೆ ಹಿಂದೆ ಸರಿದವನು ಅವನು.

"ಮೇಷ್ಟ್ರಿಗೆ ಗೊತ್ತಾ?"

ಅವಳು ತಲೆಯಾಡಿಸಿದಳು, ಇಲ್ಲ ಎಂದು. ಆಮೇಲೆ ಕೆಂಡ ತಂದದ್ದು, ಬೂದಿ ಹಾರಿದ್ದು ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದಳು. ವಾಸಪ್ಪ ನಗಲಿಲ್ಲ. ತನ್ನ ಹೆಂಡತಿಯಾಗಿದ್ದರೂ ಅದನ್ನೇ ಮಾಡುತ್ತಿದ್ದಳು ಎಂದ. ತಾನು ಯಾರಿಗೂ ಹೇಳುವುದಿಲ್ಲ, ಆದರೆ ಆ ಮುಖ ಇಟ್ಟುಕೊಂಡು ಎಷ್ಟು ಹೊತ್ತು ಮುಚ್ಚಿಡಬಹುದು, ನೀವೇ ಹೇಳುವುದು ಚಂದ, ಎಂದ. ಚೌಕಟ್ಟಿನ ಕೆಲಸ ಅಲ್ಲೇ ಬಿಟ್ಟು, ತಾರೆ ಮರದ ಚಕ್ಕೆ ತರುತ್ತೇನೆ ಎಂದು ಹೊರಟೂಬಿಟ್ಟ. ಚೇರೆಗೆ ತಾರೆಯೇ ಔಷಧಿ ಎಂಬುದು ಅಲ್ಲಿನವರಿಗೆಲ್ಲ ಗೊತ್ತಿದ್ದ ವಿಷಯ.

ಬೀಬಿ ಜಾನ್ ಮಾಳಿಗೆಯ ಮೆಟ್ಟಿಲು ಹತ್ತಿದಳು. ಹನ್ನೊಂದು ಮೆಟ್ಟಿಲು. ಲಿಯೆನ್ ಪೆಟ್ಟಿಗೆಯ ಮುಂದೆ ಕೂತು ಗೋಣಿ ಸರಿಸುತ್ತಿದ್ದಳು. ಅತಾವುಲ್ಲಾ ಕೊಕ್ಕೆಗಳನ್ನು ಎಣಿಸುತ್ತಿದ್ದ.

"ತೆಗೀಬೇಡ ಮಗಳೇ, ಸ್ವಲ್ಪ ತಡಿ," ಎಂದಳು ಬೀಬಿ ಜಾನ್. ಸೆರಗು ಸರಿಸಿ ಕೈ ಮುಂದೆ ಚಾಚಿದಳು. "ಬೇಗ ಒಣಗಲಿ ಅಂತ ನಿನ್ನೆ ಕೆಂಡದ ಮೇಲಿಟ್ಟೆ. ಬೂದಿ ಬಿತ್ತು. ನಾನೇ ಹಾಳು ಮಾಡಿದೆ."

ಲಿಯೆನ್ ಪೆಟ್ಟಿಗೆಯ ಕಡೆ ತಿರುಗಲಿಲ್ಲ. ಎದ್ದು ಬಂದು ಆ ಕೈಯನ್ನು ಹಿಡಿದು ಕಿಟಕಿಯ ಬೆಳಕಿಗೆ ತಂದಳು, ಗುಳ್ಳೆಗಳನ್ನು ಮುಟ್ಟದ ಹಾಗೆ ಮಣಿಕಟ್ಟಿನ ಹತ್ತಿರ ಹಿಡಿದು. ಕಣ್ಣಿಗೆ ತಾಗಿದೆಯೇ, ಉಸಿರಾಟ ಸರಿಯಾಗಿದೆಯೇ, ರಾತ್ರಿ ನಿದ್ದೆ ಬಂತೇ, ಎಂದು ಒಂದೊಂದಾಗಿ ಕೇಳಿದಳು. ಆಮೇಲೆ ತನ್ನ ಅಂಗಿಯ ತೋಳು ಮೇಲೆತ್ತಿ ಮೊಣಕೈಯ ಹತ್ತಿರ ಮಾಸಿದ ಕಲೆಗಳನ್ನು ತೋರಿಸಿದಳು. ಕಲಿಯಲು ಸೇರಿದ ಮೊದಲ ವಾರ ಅವಳ ಮುಖ ಕುಂಬಳಕಾಯಿಯಷ್ಟಾಗಿತ್ತಂತೆ. ಅವಳ ಗುರು ಅದನ್ನು ನೋಡಿ, ಇನ್ನು ಸೊನೆಗೆ ನಿನ್ನ ಪರಿಚಯವಾಯಿತು, ಕೆಲಸ ಶುರು ಮಾಡು, ಎಂದಿದ್ದರಂತೆ.

ಅತಾವುಲ್ಲಾ ಅಷ್ಟರಲ್ಲಿ ಮುಚ್ಚಳ ತೆಗೆದು ನೋಡಿ ಗೋಡೆಗೆ ಒರಗಿದ್ದ.

"ಮುಟ್ಟಬೇಡಿ ಅಂತ ಹೇಳಿರ್ಲಿಲ್ವಾ ಖಾಲಾ?"

"ಮುಟ್ಟಬೇಡಿ ಅಂತ ನೀನು ಹೇಳಿದ್ದೆ. ಯಾಕೆ ಅಂತ ಹೇಳಿರ್ಲಿಲ್ಲ," ಎಂದಳು ಬೀಬಿ ಜಾನ್.

ಊರಿನ ಮಕ್ಕಳಿಗೆಲ್ಲ ವಿವರಿಸಿ ಹೇಳುವ ಮೇಷ್ಟರಿಗೆ ಮನೆಯಲ್ಲಿ ಹೇಳಬೇಕೆಂದು ಹೊಳೆದಿರಲಿಲ್ಲ. ಹೇಳಿದವಳು ಲಿಯೆನ್. ಈ ಸೊನೆ ಬಿಸಿಲಿಗೆ, ಬೆಂಕಿಗೆ ಒಣಗುವುದಿಲ್ಲ. ತೇವದಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಗಾಳಿ ಒದ್ದೆಯಿದ್ದಷ್ಟೂ ಬೇಗ. ಅವರ ಊರಿನಲ್ಲಿ ನೆಲಮಾಳಿಗೆಯಲ್ಲಿ ಒದ್ದೆ ಬಟ್ಟೆ ಕಟ್ಟಿ ಒಣಗಿಸುತ್ತಾರೆ. ಬರೋಡಾದ ಒಣ ಸೆಕೆಯಲ್ಲಿ ಎರಡು ವರ್ಷವೂ ಅಂಟು ಆರಲಿಲ್ಲ. ಕೊಪ್ಪಕ್ಕೆ ಬಂದ ಮೊದಲ ರಾತ್ರಿ ಹಚ್ಚಿದ ಪದರ ಬೆಳಗಾಗುವುದರೊಳಗೆ ಕಲ್ಲಿನಂತಾಗಿತ್ತು. ಬೂಷ್ಟು ಹಿಡಿಯುತ್ತದೆ, ಏನೂ ಒಣಗುವುದಿಲ್ಲ, ಎಂದು ಊರಿನವರೆಲ್ಲ ಅವಳ ಮುಂದೆ ಗೊಣಗುತ್ತಿದ್ದರು. ಅವಳು ಮಾತ್ರ ಒಳಗೊಳಗೇ ಈ ಊರಿಗೆ ಕೈ ಮುಗಿಯುತ್ತಿದ್ದಳಂತೆ. ಈಗ ನಾಲ್ಕೈದು ದಿನದಿಂದ ಬಿಸಿಲು ಬಂದು ಕೂತಿದೆ. ಕೊನೆಯ ಪದರ ಗಟ್ಟಿಯಾಗುತ್ತಿಲ್ಲ. ಅದಕ್ಕೇ ಗೋಣಿ.

ಬೀಬಿ ಜಾನ್ ಇದನ್ನೆಲ್ಲ ಊದಿದ ಕಣ್ಣುಗಳಿಂದ ಹುಡುಗಿಯ ಬಾಯಿಯನ್ನೇ ನೋಡುತ್ತಾ ಕೇಳಿದಳು. ಸುಲೈಮಾನ್ ಜೀವಮಾನವಿಡೀ ಹೋರಾಡಿದ್ದು ಆ ತೇವದ ಜೊತೆಗೇ.

ಲಿಯೆನ್ ಕೊನೆಗೆ ಹಲಗೆಯ ಮುಂದೆ ಮಂಡಿಯೂರಿದಳು. ಗೀರನ್ನು, ಬೂದಿಯನ್ನು ಬಹಳ ಹೊತ್ತು ನೋಡಿದಳು. ಸೀಮೆಎಣ್ಣೆಯಲ್ಲಿ ಈ ಪದರ ಒರೆಸಿ ತೆಗೆದು ಮತ್ತೆ ಹಚ್ಚಬಹುದೇ ಎಂದು ಅತಾವುಲ್ಲಾ ಕೇಳಿದ. ಹಚ್ಚಬಹುದು, ಆದರೆ ದಿನ ಸಾಲದು, ಎಂದಳು. ಈ ಬಿಸಿಲಿನಲ್ಲಿ ಗಟ್ಟಿಯಾಗಲು ಎರಡು ದಿನ, ಉಜ್ಜಲು ಒಂದು ದಿನ ಬೇಕೇ ಬೇಕು. ಬೂದಿ ಇದ್ದಲ್ಲೇ ಇರಲಿ. ಆದರೆ ನಾಳೆ ಸಂಜೆಯೊಳಗೆ ಇದು ಒಣಗದಿದ್ದರೆ ಭಾನುವಾರ ತನ್ನ ಗೋಡೆ ಖಾಲಿ. ಹೀಗೆ ಹೇಳುವಾಗ ಅವಳ ದನಿ ಶಾಂತವಾಗಿಯೇ ಇತ್ತು, ಆದರೆ ಗೋಣಿಯ ನೂಲನ್ನು ಬೆರಳಿನಲ್ಲಿ ಎಳೆಯುತ್ತಲೇ ಇದ್ದಳು.

"ತೇವ ಬೇಕಾ ನಿನಗೆ?" ಎಂದು ಬೀಬಿ ಜಾನ್ ಕೇಳಿದಳು. "ಬಾ, ನಾನು ತೋರಿಸ್ತೀನಿ."

ಬಚ್ಚಲುಮನೆಯ ಹಿಂದೆ, ಬಾವಿಕಟ್ಟೆಗೆ ಅಂಟಿಕೊಂಡ ಗೋಡೆಯಲ್ಲಿ ಒಂದು ಗೂಡಿನಂಥ ಮೂಲೆಯಿತ್ತು. ಮನೆ ಕಟ್ಟಿದಂದಿನಿಂದ ಅದು ಒಣಗಿದ್ದನ್ನು ಯಾರೂ ನೋಡಿರಲಿಲ್ಲ. ಬೇಸಿಗೆಯಲ್ಲೂ ಅಲ್ಲಿ ಹಾವಸೆ. ಮದುವೆಯಾದ ಹೊಸತರಲ್ಲಿ ಬೀಬಿ ಜಾನ್ ತಿಳಿಯದೆ ಅಲ್ಲಿ ಒಂದು ಡಜನ್ ಹೊಸ ಕೊಡೆಬಟ್ಟೆ ಇಟ್ಟು, ವಾರದಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿದು, ಸುಲೈಮಾನ್ ಎರಡು ದಿನ ಮಾತು ಬಿಟ್ಟಿದ್ದ. ಆ ಮೂಲೆಗೆ ಅವನು ಬೈದಷ್ಟು ಯಾವ ಗಿರಾಕಿಗೂ ಬೈದಿರಲಿಲ್ಲ. ಲಿಯೆನ್ ಆ ಗೋಡೆಗೆ ಅಂಗೈ ಒತ್ತಿ ತೆಗೆದಳು. ಅಂಗೈ ಒದ್ದೆಯಾಗಿತ್ತು. ಅವಳು ಅತಾವುಲ್ಲಾನ ಕಡೆ ತಿರುಗಿ ತನ್ನ ಭಾಷೆಯಲ್ಲೇ ಏನೋ ಅಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ಪೆಟ್ಟಿಗೆ ತರಲು ಮಾಳಿಗೆಗೆ ಓಡಿದ.

ಆ ದಿನ ಮತ್ತು ಮರುದಿನ ಬೀಬಿ ಜಾನ್ ಎಡಗೈಯಿಂದ ಗೋಣಿಗೆ ನೀರು ಹಾಕಿದಳು. ಬಲಗೈಗೆ ವಾಸಪ್ಪ ತಂದ ತಾರೆ ಚಕ್ಕೆಯನ್ನು ತೇಯ್ದು ಹಚ್ಚುವ ಕೆಲಸ ಸುಮಿತ್ರಮ್ಮ ವಹಿಸಿಕೊಂಡರು. ನಿವೃತ್ತ ಟೀಚರಾದ ಅವರು ಹಚ್ಚುತ್ತಾ ಹಚ್ಚುತ್ತಾ, ಚಿತ್ರ ಒಣಗಿಸಲು ಬಚ್ಚಲ ಹಿಂದೆ ಇಟ್ಟ ಮನೆ ಪ್ರಪಂಚದಲ್ಲಿ ಇದೊಂದೇ ಇರಬೇಕು, ಎಂದರು. ನನ್ನ ಹಪ್ಪಳಕ್ಕೆ ಬಿಸಿಲು ಬೇಕು, ನಿಮ್ಮ ಹುಡುಗಿಗೆ ಬೇಡ, ದೇವರಿಗೆ ಪಾಪ ಯಾರ ಮಾತು ಕೇಳಬೇಕೋ ತಿಳಿಯುವುದಿಲ್ಲ, ಎಂದೂ ಅಂದರು.

ಶುಕ್ರವಾರ ಸಂಜೆ ಲಿಯೆನ್ ಹಲಗೆಗೆ ಉಗುರಿನ ಹಿಂಬದಿ ತಾಗಿಸಿದಳು. ಟಕ್ ಎಂದಿತು. ಮತ್ತೊಮ್ಮೆ ತಾಗಿಸಿದಳು. ಬೀಬಿ ಜಾನಳ ಎಡಗೈಯ ಬೆರಳು ಹಿಡಿದು ಅವಳಿಂದಲೂ ತಾಗಿಸಿದಳು.

ಶನಿವಾರವಿಡೀ ಉಜ್ಜುವ ಕೆಲಸ. ನೀರು ಚಿಮುಕಿಸಿ, ಮೊದಲು ಮರಳು ಕಾಗದ, ಆಮೇಲೆ ಇದ್ದಿಲ ಪುಡಿ. ಹಚ್ಚಿ ಹಚ್ಚಿ ಮುಚ್ಚಿದ್ದನ್ನು ಉಜ್ಜಿ ಉಜ್ಜಿ ಹೊರತೆಗೆಯುವುದು ಅವರ ಪದ್ಧತಿ. ಬೀಬಿ ಜಾನ್ ಬಾಗಿಲಲ್ಲಿ ಕೂತು ನೋಡಿದಳು. ಕಂದು ಕತ್ತಲೆಯ ಒಳಗಿನಿಂದ ಮೊದಲು ಒಂದು ದುಂಡಗಿನ ಕಪ್ಪು ಕಾಣಿಸಿತು, ಪಕ್ಕದಲ್ಲಿ ಇನ್ನೊಂದು. ಅವು ಕೊಡೆಗಳೆಂದು ತಿಳಿಯಲು ಅವಳಿಗೆ ಬೇರೆಯವರಿಗಿಂತ ಕಡಿಮೆ ಹೊತ್ತು ಸಾಕಾಯಿತು. ಮಾಳಿಗೆಯ ಕಿಟಕಿಯಿಂದ ಕಾಣುವ ಪೇಟೆಯ ಇಳಿಜಾರು, ಅದರ ತುಂಬ ಇಳಿದು ಹೋಗುವ ಕೊಡೆಗಳು. ಒಂದು ಕೊಡೆಯ ಕೆಳಗೆ ಬಿಳಿ ಸೆರಗಿನ ಹೆಂಗಸು. ಆ ಬಿಳಿ ಬೀಬಿ ಜಾನಳ ಕೋಳಿಗಳ ಮೊಟ್ಟೆಯ ಚಿಪ್ಪಿನದು, ಪುಡಿ ಮಾಡಿ ಸೊನೆಯಲ್ಲಿ ಕೂರಿಸಿದ್ದು. ಬೂದಿ ಬಿದ್ದಲ್ಲೆಲ್ಲ ಸಣ್ಣ ಸಣ್ಣ ಬೂದು ಚುಕ್ಕೆಗಳು ಉಳಿದಿದ್ದವು. ಲಿಯೆನ್ ಅವುಗಳ ಹತ್ತಿರ ಬಂದಾಗ ಉಜ್ಜುವುದನ್ನು ನಿಲ್ಲಿಸಿ, ದೂರ ಸರಿದು ಕತ್ತು ಓರೆ ಮಾಡಿ ನೋಡಿ, ಹಾಗೇ ಬಿಟ್ಟಳು. ಸೆರಗು ಎಳೆದ ಗೀರನ್ನೂ ಬಿಟ್ಟಳು. ಅದು ಬೀದಿಯಲ್ಲಿ ಹರಿಯುವ ನೀರಿನ ಜಾಡಿನ ಹಾಗೆ ಇಳಿಜಾರಿನಲ್ಲಿ ಇಳಿದಿತ್ತು.

ಭಾನುವಾರ ಮಧ್ಯಾಹ್ನದಿಂದಲೇ ಜನ ಬಂದರು. ಶಾಲೆಯ ಮಕ್ಕಳು, ಪೇಟೆಯ ಅಂಗಡಿಯವರು, ಕರಪತ್ರ ನೋಡಿ ಶೃಂಗೇರಿಯಿಂದ ಬಂದ ಸಚ್ಚಿದಾನಂದ ಎಂಬ ಸಂಸ್ಕೃತ ಪಂಡಿತರು. ವಾಸಪ್ಪ ಹೊಸ ಅಂಗಿ ಹಾಕಿಕೊಂಡು ಬಂದು ಚಿತ್ರಗಳಿಗಿಂತ ಮೊದಲು ಚೌಕಟ್ಟುಗಳನ್ನು ಜನರಿಗೆ ತೋರಿಸಿದ. ರೇಷ್ಮೆಯ ಮೇಲಿನ ಸಂತೆಯ ಮುಂದೆ ನಿಂತು, ಹೆಂಗಸರ ಟೊಪ್ಪಿಗಳನ್ನು ನೋಡಿ, ನಮ್ಮ ಅಡಿಕೆ ಹಾಳೆಟೊಪ್ಪಿಯನ್ನು ಇವರು ಸ್ವಲ್ಪ ದೊಡ್ಡದು ಮಾಡಿಕೊಂಡಿದ್ದಾರೆ, ಅಷ್ಟೇ, ಎಂದು ತೀರ್ಮಾನ ಹೇಳಿದ. ಸೈಕಲ್ ದಾಟಿಸುವ ಚಿತ್ರದ ಮುಂದೆ ಪಂಡಿತರು ಬಹಳ ಹೊತ್ತು ನಿಂತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಆ ಸೇತುವೆಯನ್ನು ಮತ್ತೆ ಕಟ್ಟಿದರೇ? ಕಟ್ಟಿದರು, ಎಂದಳು ಲಿಯೆನ್. ಅವರು ಒಳ್ಳೆಯದಾಯಿತು ಎಂದು ಮುಂದಿನ ಚಿತ್ರಕ್ಕೆ ಹೋದರು.

ಕೊನೆಯ ಗೋಡೆಯಲ್ಲಿ ಕೊಡೆಗಳ ಹಲಗೆ ಇತ್ತು. ಅದರ ಮುಂದೆ ಜನ ಗುಂಪು ಕಟ್ಟಿದ್ದರು. ಮಂಡಿ ರಸ್ತೆ, ಅಲ್ಲಿ ನೋಡು ನಮ್ಮ ಅಂಗಡಿ, ಅಲ್ಲ ಅದು ಅವರದ್ದು, ಎಂದು ಬೆರಳು ತೋರಿಸುತ್ತಿದ್ದರು.

"ಜಡಿಮಳೆ ಹಿಡಿಯೋ ಮುಂಚೆ ಬೀಳ್ತದಲ್ಲ ತುಂತುರು, ಅದನ್ನ ಹೆಂಗೆ ಬರೆದಳು ಬೀಬಮ್ಮ ಈ ಹುಡುಗಿ?" ಎಂದು ಸುಮಿತ್ರಮ್ಮ ಕೇಳಿದರು.

ಬೀಬಿ ಜಾನ್ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಆಚೆ ತುದಿಯಿಂದ ಲಿಯೆನ್ ಅವಳನ್ನೇ ನೋಡುತ್ತಿದ್ದಳು. ಮಾತು ಅರ್ಥವಾಗದಿದ್ದರೂ ಯಾವುದರ ಮಾತೆಂದು ಅವಳಿಗೆ ತಿಳಿದಂತಿತ್ತು.

"ಅದು ಅವರ ಪದ್ಧತಿ," ಎಂದಳು ಬೀಬಿ ಜಾನ್. "ಚಹಾ ತಗೊಳ್ಳಿ ಸುಮಿತ್ರಮ್ಮ, ಆರ್ತದೆ."

ನಾಲ್ಕು ಗಂಟೆಗೆ ಬಿಸಿಲು ಹೋಯಿತು. ಹೆಂಚಿನ ಮೇಲೆ ಮಳೆ ಬೀಳತೊಡಗಿದಾಗ ಮಾಳಿಗೆಯಲ್ಲಿದ್ದವರೆಲ್ಲ ಒಮ್ಮೆ ಮೇಲೆ ನೋಡಿ ನಕ್ಕರು. ಸುಮಿತ್ರಮ್ಮ ಹಪ್ಪಳ ಎತ್ತಲು ಓಡಿದರು. ಆಮೇಲೆ ಬಂದವರೆಲ್ಲ ನೆನೆದ ಕೊಡೆಗಳನ್ನು ಮಡಚಿ ಕೆಳಗೆ ಮೆಟ್ಟಿಲ ಬುಡದಲ್ಲಿ ಒರಗಿಸಿಟ್ಟು ಹತ್ತಿದರು. ಚಹಾದ ಲೋಟ ತೊಳೆಯಲು ಇಳಿದ ಬೀಬಿ ಜಾನ್ ನೋಡಿದಾಗ ಹದಿನಾಲ್ಕೋ ಹದಿನೈದೋ ಇದ್ದವು. ಕೆಲವನ್ನು ಹಿಡಿಕೆ ನೋಡಿಯೇ ಗುರುತಿಸಿದಳು. ಸುಲೈಮಾನ್ ಕಡ್ಡಿ ಕಟ್ಟಿದ ಕೊಡೆಗಳು. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಅವಳು ಮಾಡುತ್ತಿದ್ದ ಮೊದಲ ಕೆಲಸ ಅವನ್ನು ಒಣಗಿಸಲು ಒಲೆಯಿಂದ ಕೆಂಡ ತೆಗೆಯುವುದು.

ಬಚ್ಚಲ ಹಿಂದಿನ ಮೂಲೆಯಲ್ಲಿ ಹಲಸಿನ ಪೆಟ್ಟಿಗೆ ಹಾಗೇ ಇತ್ತು. ಡಬ್ಬಿಯ ತಳದಲ್ಲಿ ಉಳಿದಿದ್ದ ಸೊನೆಯಿಂದ ಲಿಯೆನ್ ಬೆಳಿಗ್ಗೆಯೇ ಇನ್ನೊಂದು ಚಿಕ್ಕ ಹಲಗೆಗೆ ಮೊದಲ ಪದರ ಹಚ್ಚಿ ಅದರೊಳಗೆ ಇಟ್ಟಿದ್ದಳು. ಏನು ಬರೆಯುವುದೆಂದು ಇನ್ನೂ ತಿಳಿಯದು, ಎಂದಿದ್ದಳು.

ಬೀಬಿ ಜಾನ್ ಗೋಣಿಯನ್ನು ಮುಟ್ಟಿ ನೋಡಿದಳು. ಆರುತ್ತಾ ಬಂದಿತ್ತು. ಮೆಟ್ಟಿಲ ಬುಡಕ್ಕೆ ಹೋಗಿ ಕೊಡೆಗಳನ್ನು ಮೂರು ಮೂರಾಗಿ ಎತ್ತಿಕೊಂಡು ಬಂದಳು. ಒಂದೊಂದನ್ನೂ ಬಿಚ್ಚಿ, ಒದರದೆ, ನೀರು ಇದ್ದ ಹಾಗೇ ಪೆಟ್ಟಿಗೆಯ ಸುತ್ತ ಒತ್ತೊತ್ತಾಗಿ ನಿಲ್ಲಿಸಿದಳು. ಮೇಲೆ ಮಾಳಿಗೆಯಲ್ಲಿ ಜನರ ಹೆಜ್ಜೆಗಳ ಸಪ್ಪಳ ಅತ್ತಿಂದಿತ್ತ ನಿಧಾನವಾಗಿ ಸರಿಯುತ್ತಿತ್ತು. ಕೊಡೆಗಳ ಕಡ್ಡಿಯ ತುದಿಗಳಿಂದ ಹನಿಗಳು ಒಂದಾದ ಮೇಲೊಂದು ಗೋಣಿಯ ಮೇಲೆ ಬೀಳುತ್ತಿದ್ದವು.